ಎಂಟು ಎಣಿಸುವಷ್ಟು ಹೊತ್ತು

ನಾನು ದೊಡ್ಡ ಕಲಾವಿದ ಆಗಬೇಕಾಗಿದ್ದವನು. ಇಪ್ಪತ್ತಾರನೆಯ ವಯಸ್ಸಿನಲ್ಲಿ ಈ ವಿಷಯ ನನಗೆ ಖಾತ್ರಿಯಾಗಿತ್ತು, ಬೇರೆ ಯಾರಿಗೂ ಆಗಿರಲಿಲ್ಲ. ಚಿಕ್ಕಮಗಳೂರಿನ ಪೇಟೆಯಲ್ಲಿ ನಮ್ಮಪ್ಪನದು ದಿನಸಿ ಅಂಗಡಿ. ಇಂಟರ್‌ಮೀಡಿಯೆಟ್‌ನಲ್ಲಿ ಎರಡು ಸಲ ಡುಮ್ಕಿ ಹೊಡೆದು ಬಂದ ಮಗನನ್ನು ಅವರು ತಕ್ಕಡಿಯ ಮುಂದೆ ಕೂರಿಸಿ ನೋಡಿದರು. ನಾನು ಬೆಲ್ಲ ತೂಗುತ್ತಾ ಪದ್ಯ ಹೊಸೆಯುತ್ತಿದ್ದೆ. ಗಿರಾಕಿಗೆ ಬೆಲ್ಲ ಹೆಚ್ಚು ಹೋಗುತ್ತಿತ್ತು, ಪದ್ಯದಲ್ಲಿ ಪ್ರಾಸ ಕಡಿಮೆ ಬೀಳುತ್ತಿತ್ತು. ಆರು ತಿಂಗಳು ತಡೆದುಕೊಂಡ ಅಪ್ಪ, ಆಮೇಲೆ ಪರಿಚಯದ ಸಾಹುಕಾರರೊಬ್ಬರ ಕೈಕಾಲು ಹಿಡಿದು ಗೋಣಿಬೀಡಿನಿಂದ ಮೂರು ಮೈಲಿ ಒಳಗಿದ್ದ ಅವರ ಕಾಫಿ ಎಸ್ಟೇಟಿಗೆ ನನ್ನನ್ನು ರೈಟರ್ ಮಾಡಿ ಸಾಗಹಾಕಿದರು.

ರೈಟರ್ ಅಂದರೆ ಎಸ್ಟೇಟಿನ ಗುಮಾಸ್ತ. ಬೆಳಿಗ್ಗೆ ಆರಕ್ಕೆ ಆಫೀಸಿನ ಮುಂದೆ ತೂಗುಹಾಕಿದ ರೈಲು ಕಂಬಿಯ ತುಂಡನ್ನು ಸುತ್ತಿಗೆಯಿಂದ ಬಾರಿಸಬೇಕು. ಲೈನ್ ಮನೆಗಳಿಂದ ಆಳುಗಳು ಬಂದು ಸಾಲಾಗಿ ನಿಂತರೆ ಹಾಜರಿ ಕರೆಯಬೇಕು. ಆಮೇಲೆ ದಿನವಿಡೀ ಬರೆಯುವುದು: ಯಾರು ಕಳೆ ತೆಗೆದರು, ಯಾರು ಗುಂಡಿ ತೋಡಿದರು, ತೊಳೆದು ಒಣಗಿಸಿದ ಕಾಫಿ ಬೀಜ, ಅಂದರೆ ಪಾರ್ಚ್‌ಮೆಂಟ್, ಎಷ್ಟು ಮೂಟೆ ಗಾಡಿ ಹತ್ತಿತು. ಇಂಥ ಬರವಣಿಗೆಯಲ್ಲಿ ನನ್ನ ಪ್ರತಿಭೆ ಕೊಳೆಯುತ್ತಿದೆ ಅಂತ ನಾನು ಗೋಣಿಬೀಡಿನ ಶಾಲೆಯ ಮೇಷ್ಟ್ರ ಹತ್ತಿರ ವಾರಕ್ಕೊಮ್ಮೆ ಗೋಳು ಹೇಳಿಕೊಳ್ಳುತ್ತಿದ್ದೆ. ಮೇಷ್ಟ್ರಿಗೂ ನನ್ನದೇ ಕಾಯಿಲೆ. ಅವರ ಪದ್ಯ ನಾನು ಹೊಗಳುವುದು, ನನ್ನ ಪದ್ಯ ಅವರು ಹೊಗಳುವುದು, ಇಬ್ಬರೂ ಕಾಫಿ ಕುಡಿದು ಏಳುವುದು. ಹೀಗೆ ನಮ್ಮ ಸಾಹಿತ್ಯ ಸೇವೆ ನಡೆದಿತ್ತು.

ಆ ಎಸ್ಟೇಟು ಮೊದಲು ಒಬ್ಬ ಇಂಗ್ಲಿಷ್ ದೊರೆಯದಾಗಿತ್ತು. ಎರಡನೇ ಮಹಾಯುದ್ಧ ಶುರುವಾದ ವರ್ಷ ಅವನು ತೋಟ ಮಾರಿ ಊರಿಗೆ ಹೊರಟುಹೋದ. ಹೊರಲಾರದ್ದನ್ನೆಲ್ಲ ಬಂಗಲೆಯ ಅಟ್ಟದಲ್ಲಿ ಬಿಟ್ಟುಹೋಗಿದ್ದ. ಅದರಲ್ಲಿ ಒಂದು ದೊಡ್ಡ ಕ್ಯಾಮೆರಾ, ಅದರ ಮೂರು ಕಾಲಿನ ಸ್ಟ್ಯಾಂಡು, ಗಾಜಿನ ಪ್ಲೇಟುಗಳ ಎರಡು ಡಬ್ಬ, ಗೆದ್ದಲು ಹತ್ತಿದ ಇಂಗ್ಲಿಷ್ ಪತ್ರಿಕೆಗಳು. ಸಾಹುಕಾರರು ಅದನ್ನು ಕಾಲಿನಲ್ಲಿ ಸರಿಸಿ, 'ಇದು ಎಂಥಕ್ಕೆ ಬರುತ್ತೆ? ಬೇಕಾದ್ರೆ ನೀನು ಇಟ್ಕೋ' ಅಂದರು. ಅವತ್ತೇ ನನಗೆ ಕೊಂಬು ಮೂಡಿತು.

ಹದಿನೈದು ದಿನ ರಜೆ ಹಾಕಿ ಚಿಕ್ಕಮಗಳೂರಿನ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿತೆ. ಕಲಿತೆ ಅನ್ನುವುದು ನನ್ನ ಮಾತು. ಮೊದಲನೆಯ ಡಬ್ಬದ ಪ್ಲೇಟುಗಳೆಲ್ಲ ಕಲಿಯುವುದರಲ್ಲೇ ಹಾಳಾದವು. ಒಂದರಲ್ಲಿ ನನ್ನ ಹೆಬ್ಬೆರಳು ಬಿಟ್ಟರೆ ಬೇರೇನೂ ಮೂಡಿರಲಿಲ್ಲ. ಆದರೆ ಹೆಬ್ಬೆರಳು ಬಹಳ ಸ್ಪಷ್ಟವಾಗಿತ್ತು.

ದೊರೆಯ ಪತ್ರಿಕೆಗಳನ್ನು ಓದಿ ಕಲೆಯ ವಿಚಾರದಲ್ಲೂ ನಾನು ಪಂಡಿತನಾದೆ. ಅದರ ಇಂಗ್ಲಿಷು ನನಗೆ ಅರ್ಥವಾಗುತ್ತಿದ್ದದ್ದು ಅರ್ಧ. ಆ ಅರ್ಧದಲ್ಲಿ ಅರ್ಧ ಗೆದ್ದಲು ತಿಂದಿತ್ತು. ಉಳಿದದ್ದರಲ್ಲಿ ನಾನೊಂದು ಸಿದ್ಧಾಂತ ಕಟ್ಟಿಕೊಂಡೆ: ಉತ್ತಮ ಪಟದಲ್ಲಿ ಪ್ರಕೃತಿ ಮಾತ್ರ ಇರಬೇಕು, ಜನ ಇರಬಾರದು. ನೂರೈವತ್ತು ಜನ ದುಡಿಯುವ ತೋಟದಲ್ಲಿ ಜನ ಇಲ್ಲದ ಜಾಗ ಎಲ್ಲಿಂದ ತರುವುದು? ಹಾಗಾಗಿ ನಾನು ಜನರನ್ನು ಓಡಿಸುತ್ತಿದ್ದೆ. ಹೆಂಗಸರು ಕಾಫಿ ಹಣ್ಣಿನ ಕುಕ್ಕೆ ಹೊತ್ತು ಬರುತ್ತಿದ್ದರೆ, 'ಅಲ್ಲೇ ನಿಲ್ಲಿ, ಅಡ್ಡ ಬರಬೇಡಿ' ಅಂತ ಕೈ ಅಡ್ಡ ಹಿಡಿಯುತ್ತಿದ್ದೆ. ಅವರು ಹಸಿ ಹಣ್ಣಿನ ಭಾರ ತಲೆ ಮೇಲೆ ಹೊತ್ತು, ನಾನು ಪ್ರಕೃತಿ ಮುಗಿಸುವವರೆಗೆ ನಿಂತಿರುತ್ತಿದ್ದರು. ಈಗ ನೆನೆಸಿಕೊಂಡರೆ ಅವರ್ಯಾರೂ ಆ ಕುಕ್ಕೆಯನ್ನು ನನ್ನ ತಲೆ ಮೇಲೆ ಕವುಚಲಿಲ್ಲವಲ್ಲ ಅಂತ ಆಶ್ಚರ್ಯವಾಗುತ್ತದೆ.

ಈಗ ಮೇಸ್ತ್ರಿಯ ವಿಷಯ ಹೇಳಬೇಕು. ಆಳುಗಳ ಮೇಲೆ ನಿಂತು ಕೆಲಸ ಮಾಡಿಸುವವರು ಮೇಸ್ತ್ರಿ. ನಮ್ಮ ಮೇಸ್ತ್ರಿ ಜಾವಳಿ ಕಡೆಯವರು, ಆಗಲೇ ಅರವತ್ತರ ಹತ್ತಿರ. ದೊರೆಯ ಕಾಲದಲ್ಲಿ ಕಾಡು ಕಡಿದು ಗಿಡ ನೆಟ್ಟಾಗ ಸಸಿಯ ಬುಟ್ಟಿ ಹಿಡಿದು ಬಂದವರು, ಮತ್ತೆ ತೋಟ ಬಿಟ್ಟು ಹೋಗಿರಲಿಲ್ಲ. ಹೆಂಡತಿ ಚಳಿಜ್ವರದಲ್ಲಿ ಹೋಗಿ ಎಷ್ಟೋ ವರ್ಷವಾಗಿತ್ತು. ಲೈನ್ ಮನೆಯಲ್ಲೇ ಸಾಕಿದ ಒಬ್ಬಳೇ ಮಗಳನ್ನು ಹೊರನಾಡಿನ ಆಚೆ ಗದ್ದೆ ಮಾಡುವವನಿಗೆ ಕೊಟ್ಟಿದ್ದರು. ಮದುವೆಯಾಗಿ ಏಳು ವರ್ಷ. ಅವಳು ಒಂದು ಸಲವೂ ಬರಲು ಆಗಿರಲಿಲ್ಲ, ಇವರು ಒಂದು ಸಲವೂ ಹೋಗಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಮಗಳಿಂದ ಒಂದು ಕಾರ್ಡು ಬಂತು. ದೇವಸ್ಥಾನದ ಹತ್ತಿರ ಯಾರಿಂದಲೋ ಬರೆಸಿದ್ದು. ಮೇಸ್ತ್ರಿಗೆ ಓದು ಬಾರದು, ನಾನೇ ಓದಿ ಹೇಳಿದೆ. 'ಮಕ್ಕಳು ಅಜ್ಜ ಹೇಗಿದ್ದಾನೆ ಅಂತ ಕೇಳುತ್ತವೆ. ಏನು ಹೇಳಲಿ? ಒಂದು ಸಲ ಬಂದು ಮುಖ ತೋರಿಸಿ ಹೋಗು.' ಅಷ್ಟೇ ಇತ್ತು. ಮೇಸ್ತ್ರಿ ಇನ್ನೊಂದು ಸಲ ಓದಿಸಿದರು. ಆಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, 'ರೈಟ್ರೆ, ಎಂಟು ದಿನ ರಜೆ ಸಿಗ್ತದಾ?' ಅಂತ ಕೇಳಿದರು.

ಕೊಯ್ಲು ಶುರುವಾಗುವ ಹೊತ್ತು. ಮೇಸ್ತ್ರಿ ಇಲ್ಲದಿದ್ದರೆ ನೂರೈವತ್ತು ಜನರನ್ನು ನಾನು ನೋಡಿಕೊಳ್ಳಬೇಕು, ನನಗೆ ಅದು ಬೇಕಿರಲಿಲ್ಲ. ಸಾಹುಕಾರರನ್ನು ಕೇಳಿದ್ದರೆ ಬೈದುಕೊಂಡಾದರೂ ಬಿಡುತ್ತಿದ್ದರೋ ಏನೋ. ನಾನು ಕೇಳಲೇ ಇಲ್ಲ. ಬದಲಿಗೆ ಬುದ್ಧಿವಂತಿಕೆ ತೋರಿಸಿದೆ.

'ಮುಖ ತಾನೆ ಮೇಸ್ತ್ರಿ? ಅದಕ್ಕೆ ನೀವ್ಯಾಕೆ ಇದ್ದಿಲು ಸುಟ್ಟು ಓಡೋ ಬಸ್ಸಲ್ಲಿ ಎದ್ದು ಬಿದ್ದು ಕಳಸದವರೆಗೆ ಹೋಗಿ, ಅಲ್ಲಿಂದ ಹೊಳೆ ದಾಟಿ ನಡೀಬೇಕು? ನಾನು ಪಟ ತೆಗೀತೀನಿ. ಪೋಸ್ಟಲ್ಲಿ ಹೋಗುತ್ತೆ. ಮಕ್ಕಳು ದಿನಾ ನೋಡ್ಕೊಂಡಿರ್ತಾವೆ.'

ಮೇಸ್ತ್ರಿ, 'ನಿಜವಾಗ್ಲೂ ತೆಗೀತೀರಾ?' ಅಂದರು. 'ಅಯ್ಯೋ, ನಿಮಗೆ ತೆಗೀದೆ ಇನ್ಯಾರಿಗೆ?' ಅಂದೆ. ಅವರು ಟೋಪಿ ಹಾಕಿಕೊಂಡು ಕೆಲಸಕ್ಕೆ ಹೋದರು. ನಾನು ಆ ಮಾತನ್ನು ಅವತ್ತೇ ಮರೆತೆ. ಯಾವುದೋ ಕಾರಣ ಹೇಳಿ ಮುಚ್ಚಿಹಾಕುವುದಿಲ್ಲ, ಸುಮ್ಮನೆ ಮರೆತೆ.

ದೊರೆಯ ಆ ಕ್ಯಾಮೆರಾದಲ್ಲಿ ಪಟ ತೆಗೆಯುವುದು ಒಂದು ದೊಡ್ಡ ಪೂಜೆ. ಮೊದಲು ಮುಂದಿನ ಮುಚ್ಚಳ ತೆಗೆದು, ಕರಿ ಬಟ್ಟೆಯೊಳಗೆ ತಲೆ ತೂರಿಸಿ, ಹಿಂದಿನ ಮಸುಕು ಗಾಜಿನ ಮೇಲೆ ಬೀಳುವ ಬಿಂಬ ನೋಡಿಕೊಂಡು ಹದ ಮಾಡಬೇಕು. ಬಿಂಬ ತಲೆಕೆಳಗಾಗಿ ಕಾಣುತ್ತದೆ. ಹದ ಆದ ಮೇಲೆ ಬಟ್ಟೆಯಿಂದ ಹೊರಬಂದು, ಮುಚ್ಚಳ ಹಾಕಿ, ಪ್ಲೇಟು ಸೇರಿಸಿ, ಮತ್ತೆ ಮುಚ್ಚಳ ತೆಗೆದು, ಗಡಿಯಾರ ನೋಡಿಕೊಂಡು ಎಣಿಸಬೇಕು. ತೋಟದ ನೆರಳಿನಲ್ಲಿ ಎಂಟು ಎಣಿಸುವಷ್ಟು ಹೊತ್ತು ಹಿಡಿಯುತ್ತಿತ್ತು. ಎಣಿಸಿ ಮುಗಿಸಿ ಮುಚ್ಚಿದರೆ ಪಟ ಆಯಿತು.

ಹದ ಮಾಡುವಾಗ ಒಂದು ತೊಂದರೆ. ಬರೀ ಎಲೆ, ರೆಂಬೆ ನೋಡಿ ನನ್ನ ಕಣ್ಣಿಗೆ ಹದ ಸಿಗುತ್ತಿರಲಿಲ್ಲ. ಅಲ್ಲೊಬ್ಬ ಮನುಷ್ಯ ಇದ್ದರೆ, ಅವನ ಮೂಗು ಮೀಸೆ ಸ್ಪಷ್ಟವಾದರೆ ಹದ ಆಯಿತು ಅಂತ ಗೊತ್ತಾಗುತ್ತಿತ್ತು. ಬೆಳಗಿನ ಸುತ್ತಿನಲ್ಲಿ ನನ್ನ ಜೊತೆಗಿರುತ್ತಿದ್ದವರು ಮೇಸ್ತ್ರಿ. 'ಮೇಸ್ತ್ರಿ, ಒಂಚೂರು ಅಲ್ಲಿ ಕೂರಿ. ಅಲ್ಲಾಡಬೇಡಿ' ಅನ್ನುವುದು. ಬಟ್ಟೆಯೊಳಗಿಂದ ಅವರ ಮೀಸೆ ಹದ ಮಾಡುವುದು. ಹೊರಬಂದು, 'ಆಯ್ತು, ಏಳಿ, ಆಚೆ ಹೋಗಿ' ಅನ್ನುವುದು. ಅವರು ಎದ್ದು ಹೋದ ಮೇಲೆ ಪ್ಲೇಟು ಹಾಕಿ ಪ್ರಕೃತಿಯನ್ನು ತೆಗೆಯುವುದು. ಒಂದು ಸಲ ಅವರು ಏಳುವುದು ತಡವಾಗಿ, ನಾನು ಎರಡನೇ ಸಲ ಮುಚ್ಚಳ ತೆಗೆದಾಗ ಅವರ ಮೊಣಕೈ ಪಟದಲ್ಲಿ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಅವತ್ತು ಚೆನ್ನಾಗಿ ಗದರಿದೆ. 'ಈ ಮುಚ್ಚಳ ಎರಡನೇ ಸಲ ತೆಗೆದಾಗ ನೀವು ಇಲ್ಲಿ ಇರಲೇಬಾರದು, ತಿಳೀತಾ? ನನ್ನ ಪಟ ಹಾಳಾಗುತ್ತೆ.' ಮೇಸ್ತ್ರಿ, 'ತಪ್ಪಾಯ್ತು ರೈಟ್ರೆ' ಅಂದರು. ಆಮೇಲಿಂದ ಬಹಳ ಚುರುಕಾಗಿ ಏಳುತ್ತಿದ್ದರು, ಬಗ್ಗಿಕೊಂಡೇ ಪಕ್ಕಕ್ಕೆ ಸರಿಯುತ್ತಿದ್ದರು.

ಎರಡನೇ ಪಟದ ಹೊತ್ತಿನಿಂದ ಅವರು ದೊರೆ ಕೊಟ್ಟಿದ್ದ ಹಳೆ ಕೋಟು ಹಾಕಿಕೊಂಡು ಬರತೊಡಗಿದರು. ಟೋಪಿಯ ಬದಲು ಒಗೆದ ರುಮಾಲು. ಚಳಿಗಾಲ, ವಯಸ್ಸಾಯಿತು, ಚಳಿ ಹೆಚ್ಚು ಅಂದುಕೊಂಡೆ. ದೀಪಾವಳಿಯಿಂದ ಶಿವರಾತ್ರಿಯವರೆಗೆ ಹನ್ನೊಂದು ಪ್ಲೇಟು ತೆಗೆದೆ. ಹನ್ನೊಂದು ಸಲ ಆ ಮನುಷ್ಯನನ್ನು ತಲೆಕೆಳಗಾಗಿ ನೋಡಿದೆ. ನೆಟ್ಟಗೆ ಒಂದು ಸಲವೂ ನೋಡಲಿಲ್ಲ.

ಅಷ್ಟರಲ್ಲಿ ಹೊಸ ಪ್ಲೇಟು ಕಳಿಸಿ ಅಂತ ಬೆಂಗಳೂರಿನ ಅಂಗಡಿಗೆ ಬರೆದಿದ್ದೆ. ಯುದ್ಧ ಮುಗಿಯುವವರೆಗೆ ಪ್ಲೇಟು ಇಲ್ಲ, ಕೇಳಿ ಬರೆಯುವುದೂ ಬೇಡ ಅಂತ ಅವರ ಉತ್ತರ ಬಂತು. ಪಟ ಅಚ್ಚು ಹಾಕುವ ಕಾಗದ ಮಾತ್ರ ಹನ್ನೆರಡು ಹಾಳೆ ಕಳಿಸಿದ್ದರು. ಹನ್ನೊಂದು ಹಾಳೆ ಖರ್ಚು ಮಾಡಿ ಹನ್ನೊಂದು ಪಟ ಅಚ್ಚು ಹಾಕಿ, ಆಫೀಸಿನಲ್ಲಿ ದಾರ ಕಟ್ಟಿ ಒಣಗಲು ತೂಗುಹಾಕಿದೆ. ಒಂದೊಂದಕ್ಕೂ ಹೆಸರು ಇಟ್ಟಿದ್ದೆ. 'ವನದೇವಿಯ ಮೌನ', 'ಏಕಾಂತ ಗಾನ', ಹೀಗೆ. ಮೇಷ್ಟ್ರು ಬಂದು ನೋಡಿ, 'ಮಾರಾಯ, ಏಕಾಂತ ಗಾನ ಯಾವುದು, ವನದೇವಿ ಯಾವುದು?' ಅಂದರು. ನನಗೂ ಕೂಡಲೇ ಗೊತ್ತಾಗಲಿಲ್ಲ. ಪಟದ ಹಿಂದೆ ಬರೆದಿದ್ದು ನೋಡಿ ಹೇಳಿದೆ.

ಆ ಸಂಜೆ ಮೇಸ್ತ್ರಿ ಆಫೀಸಿಗೆ ಬಂದರು. ಕೈ ತೊಳೆದು, ಕೋಟಿಗೆ ಒರೆಸಿಕೊಂಡು ಬಂದಿದ್ದರು. ದಾರದ ಹತ್ತಿರ ಹೋಗಿ ಒಂದೊಂದೇ ಪಟ ನೋಡಿದರು, ರೋಗ ಬಂದ ಎಲೆ ನೋಡುವ ಹಾಗೆ, ಮುಂದೆ ನೋಡಿ, ತಿರುಗಿಸಿ ಹಿಂದೆಯೂ ನೋಡಿ. ಹನ್ನೊಂದೂ ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡಿದರು.

'ನಂದು ಯಾವುದು ರೈಟ್ರೆ?' ಅಂತ ಕೇಳಿದರು.

ನನಗೆ ಮೊದಲು ಅರ್ಥವಾಗಲಿಲ್ಲ. ಅವರು 'ಏಕಾಂತ ಗಾನ'ದ ನಡುವೆ ಬೆರಳಿಟ್ಟು, 'ನಾನು ಇಲ್ಲಿ ಕೂತಿದ್ದೆ. ಈ ಗಿಡಕ್ಕೆ ಒರಗಿಕೊಂಡು' ಅಂದರು. ಇನ್ನೊಂದರಲ್ಲಿ ಬೆರಳಿಟ್ಟು, 'ಇಲ್ಲೂ ಕೂತಿದ್ದೆ, ಕಲ್ಲಿನ ಮೇಲೆ' ಅಂದರು. ಹನ್ನೊಂದರಲ್ಲೂ ತಾವು ಕೂತ ಜಾಗ ತೋರಿಸಿದರು. ಒಂದೂ ತಪ್ಪಲಿಲ್ಲ. ಆಗ ನನಗೆ ಕಾರ್ಡು ನೆನಪಾಯಿತು, ಮಾತು ನೆನಪಾಯಿತು, ಕೋಟು ನೆನಪಾಯಿತು. ನಾನು ಬಟ್ಟೆಯೊಳಗೆ ತಲೆ ತೂರಿಸಿದಾಗೆಲ್ಲ ತಮ್ಮ ಪಟ ತೆಗೆಯುತ್ತಿದ್ದೇನೆ, ಎರಡನೇ ಸಲ ಮುಚ್ಚಳ ತೆಗೆದಾಗ ಗಿಡದ ಪಟ ತೆಗೆಯುತ್ತಿದ್ದೇನೆ ಅಂತ ಅವರು ತಿಳಿದಿದ್ದರು. ಒಂದು ಸಾಲದು ಅಂತ ರೈಟ್ರು ತನಗೋಸ್ಕರ ಇಷ್ಟು ಶ್ರಮ ಪಡುತ್ತಿದ್ದಾರಲ್ಲ ಅಂತ ಲೈನಿನಲ್ಲೆಲ್ಲ ಹೇಳಿಕೊಂಡಿದ್ದರು. ಆ ಹೊತ್ತಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಿಜ ಹೇಳಬೇಕಿತ್ತು. 'ನಿಮ್ಮನ್ನು ಗೂಟದ ಹಾಗೆ ಬಳಸಿಕೊಂಡೆ ಮೇಸ್ತ್ರಿ, ಪಟ ತೆಗೆಯಲೇ ಇಲ್ಲ' ಅನ್ನಬೇಕಿತ್ತು. ಬದಲಿಗೆ, 'ಬಿಸಿಲು ಸರಿ ಬೀಳಲಿಲ್ಲ ಮೇಸ್ತ್ರಿ. ಕೆಲವು ಸಲ ಮನುಷ್ಯರು ಮೂಡೋದಿಲ್ಲ' ಅಂದೆ.

'ಹನ್ನೊಂದು ಸಲಾನೂ?'

'ಹೂಂ, ಹಾಗೇ ಆಗುತ್ತೆ.'

ಮೇಸ್ತ್ರಿ ತಲೆಯಾಡಿಸಿದರು. ಕೆಲವು ಸಸಿಗಳೂ ಹಾಗೇ, ಎಷ್ಟು ಸಲ ನೆಟ್ಟರೂ ಹಿಡಿಯುವುದಿಲ್ಲ ಅಂದರು. ತಮ್ಮ ಮುಖವೇ ಹಿಡಿಯದ ಜಾತಿಯದೇನೋ ಅಂತ ಅವರಿಗೆ ಅನುಮಾನ ಬಂದ ಹಾಗಿತ್ತು. ಹೋಗುವಾಗ ಬಾಗಿಲಲ್ಲಿ ನಿಂತು, 'ಇನ್ನೊಂದು ಸಲ ನೋಡ್ತೀರಾ? ಮಗಳಿಗೆ ಪಟ ಬರ್ತದೆ ಅಂತ ಹೇಳಿ ಕಳಿಸಿಬಿಟ್ಟಿದೀನಿ' ಅಂದರು.

ಡಬ್ಬದಲ್ಲಿ ಒಂದೇ ಒಂದು ಪ್ಲೇಟು ಉಳಿದಿತ್ತು. ಅದನ್ನು ನಾನು ಕಾಫಿ ಹೂವಿಗೆ ಅಂತ ತೆಗೆದಿಟ್ಟಿದ್ದೆ. ಹೂ ಮಳೆ ಬಿದ್ದು ವಾರ ಕಳೆದರೆ ಇಡೀ ತೋಟ ಒಂದೇ ಬೆಳಗಿನಲ್ಲಿ ಬೆಳ್ಳಗಾಗುತ್ತದೆ, ಮೂರು ದಿನ ಇದ್ದು ಕಂದಿಹೋಗುತ್ತದೆ. ಆ ಪಟ ತೆಗೆದು ಮೈಸೂರಿನ ಒಂದು ಪ್ರದರ್ಶನಕ್ಕೆ ಕಳಿಸಬೇಕು, ಪದಕ ಬರಬೇಕು, ಅಪ್ಪ ಅದನ್ನು ಅಂಗಡಿಯಲ್ಲಿ ತೂಗುಹಾಕಬೇಕು. ತಕ್ಕಡಿಯ ನೇರಕ್ಕೆ ಯಾವ ಮೊಳೆ ಅನ್ನುವುದೂ ನನ್ನ ಮನಸ್ಸಿನಲ್ಲಿ ಗೊತ್ತಾಗಿತ್ತು.

ಆ ವಾರ ನಾನು ಪಟ್ಟ ಸಂಕಟ ನೋಡಿದ್ದರೆ ಯಾರಾದರೂ ಯುದ್ಧವೇ ನನ್ನ ತೀರ್ಮಾನಕ್ಕೆ ಕಾದಿದೆ ಅಂದುಕೊಳ್ಳುತ್ತಿದ್ದರು. ಕೊನೆಗೆ ಒಂದು ಉಪಾಯ ಹೊಳೆಯಿತು. ಹೂವಿನ ನಡುವೆ ಮೇಸ್ತ್ರಿಯನ್ನು ಕೂರಿಸುವುದು. ನನಗೆ ಹೂ, ಅವರಿಗೆ ಮುಖ. ಸಿದ್ಧಾಂತಕ್ಕೆ ಸ್ವಲ್ಪ ಧಕ್ಕೆಯಾಗುತ್ತಿತ್ತು, ಆದರೆ ಮುದುಕರೊಬ್ಬರು ಪ್ರಕೃತಿಯ ಭಾಗವೇ ಅಂತ ಸಮಾಧಾನ ಮಾಡಿಕೊಂಡೆ.

ಹೂ ಬಂತು. ಬೆಳಿಗ್ಗೆ ಎಂಟರ ಹೊತ್ತಿಗೆ ಮೇಸ್ತ್ರಿ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕೋಟು ರುಮಾಲು ತೊಟ್ಟು ಬಂದರು. ಗಿಡಗಳ ನಡುವೆ ಆಫೀಸಿನ ಸ್ಟೂಲು ಹಾಕಿ ಕೂರಿಸಿದೆ. ಅವರು ಎರಡೂ ಕೈ ಮಂಡಿಯ ಮೇಲಿಟ್ಟು, ಉಸಿರು ಬಿಗಿಹಿಡಿದು ಕೂತರು. ಬಟ್ಟೆಯೊಳಗೆ ತಲೆ ತೂರಿಸಿ ಹದ ಮಾಡಿದೆ. ಮೀಸೆ ಸ್ಪಷ್ಟವಾಯಿತು. ಹೊರಬಂದು, ಮುಚ್ಚಳ ಹಾಕಿ, ಕೊನೆಯ ಪ್ಲೇಟು ಸೇರಿಸಿದೆ.

ಇಲ್ಲಿ ಒಂದು ಮಾತು ಹೇಳಬೇಕಿತ್ತು. 'ಈ ಸಲ ಏಳಬೇಡಿ ಮೇಸ್ತ್ರಿ, ಎರಡನೇ ಸಲ ಮುಚ್ಚಳ ತೆಗೆದಾಗಲೂ ಅಲ್ಲೇ ಇರಿ.' ಆದರೆ ಅದನ್ನು ಹೇಳಿದರೆ ಹನ್ನೊಂದು ಸಲ ಯಾಕೆ ಏಳಿಸಿದ್ರಿ ಅಂತ ಅವರು ಕೇಳುತ್ತಿದ್ದರು. ಮಾತು ತುಟಿಯವರೆಗೂ ಬಂದಿತ್ತು, ನುಂಗಿಕೊಂಡೆ. 'ಏಳಿ' ಅಂದಿಲ್ಲವಲ್ಲ, ಕೂತೇ ಇರುತ್ತಾರೆ ಅಂದುಕೊಂಡೆ. ಗಡಿಯಾರ ಕೈಗೆ ತಗೊಂಡು ಮುಚ್ಚಳ ತೆಗೆದು, ಮುಳ್ಳಿನ ಮೇಲೆ ಕಣ್ಣಿಟ್ಟು ಎಣಿಸತೊಡಗಿದೆ. ಎಂಟು ಆಯಿತು. ಮುಚ್ಚಳ ಹಾಕಿ ತಲೆ ಎತ್ತಿದರೆ ಸ್ಟೂಲು ಖಾಲಿ.

ಮೇಸ್ತ್ರಿ ಪಕ್ಕದ ಗಿಡದ ಹಿಂದೆ ಬಗ್ಗಿ ಕೂತಿದ್ದರು.

'ಯಾಕೆ ಎದ್ರಿ?' ಅಂತ ಕಿರುಚಿದೆ.

'ನೀವು ಮುಚ್ಚಳ ಎರಡನೇ ಸಲ ತೆಗೆದ್ರಲ್ಲ. ಏಳಿ ಅನ್ನೋಕೆ ಮರೆತ್ರೇನೋ ಅಂದ್ಕೊಂಡೆ. ನಿಮ್ಮ ಪಟ ಹಾಳಾಗಬಾರದು ಅಂತ ಎದ್ದುಬಿಟ್ಟೆ' ಅಂದರು ಮೇಸ್ತ್ರಿ.

ಸಂಜೆ ಪಾರ್ಚ್‌ಮೆಂಟ್ ಗೋದಾಮಿನ ಕಿಟಕಿಗೆ ಗೋಣಿ ಕಟ್ಟಿ, ಕೆಂಪು ದೀಪ ಇಟ್ಟುಕೊಂಡು ಪ್ಲೇಟು ತೊಳೆದೆ. ಮರುದಿನ ಕೊನೆಯ ಹಾಳೆಯಲ್ಲಿ ಅಚ್ಚು ಹಾಕಿದೆ. ಹೂ ಬಿಟ್ಟ ಗಿಡಗಳು, ಒಂದೊಂದು ಎಸಳೂ ಕಾಣುವಷ್ಟು ಸ್ಪಷ್ಟ. ನಡುವೆ ಸ್ಟೂಲು. ಸ್ಟೂಲಿನ ಮೇಲೆ ಮೇಸ್ತ್ರಿ ಇದ್ದರು, ಆದರೆ ಮಂಜಿನ ಹಾಗೆ. ಎಂಟು ಎಣಿಸುವಲ್ಲಿ ಮೂರೋ ನಾಲ್ಕೋ ಎಣಿಸುವಷ್ಟು ಹೊತ್ತು ಕೂತಿದ್ದರು, ಅಷ್ಟು ಮಾತ್ರ ಮೂಡಿದ್ದರು. ರುಮಾಲು, ಮೀಸೆ, ಕೋಟಿನ ಗುಂಡಿ ಎಲ್ಲ ಗುರುತು ಸಿಗುತ್ತಿತ್ತು. ಆದರೆ ಎದೆಯೊಳಗಿಂದ ಹಿಂದಿನ ಕಾಫಿ ಗಿಡ ಕಾಣುತ್ತಿತ್ತು.

ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಮೊದಲು ಬಂದ ಯೋಚನೆ ಮೇಸ್ತ್ರಿಯದಲ್ಲ. ಎಂಥಾ ಪಟ ಬಂತಪ್ಪ ಅಂತ ಖುಷಿಯಾಯಿತು. ಗೋಣಿಬೀಡಿಗೆ ಓಡಿದೆ. ಮೇಷ್ಟ್ರು ಪಟವನ್ನು ದೂರ ಹಿಡಿದು, ಹತ್ತಿರ ಹಿಡಿದು, 'ಮಾರಾಯ, ಇದು ಕಲೆ. ಇಷ್ಟು ದಿನ ನೀನು ತೆಗೆದದ್ದು ಬೇಲಿ' ಅಂದರು. ಇಬ್ಬರೂ ಸೇರಿ ಅದಕ್ಕೆ 'ಪಂಚಭೂತ ವಿಲೀನ' ಅಂತ ಹೆಸರಿಟ್ಟೆವು. ಬದುಕಿರುವ ಮನುಷ್ಯನ ಪಟಕ್ಕೆ ಇಂಥ ಹೆಸರು ಇಡಬಾರದು ಅನ್ನುವಷ್ಟು ಪ್ರಜ್ಞೆ ಇಬ್ಬರು ಕವಿಗಳಲ್ಲಿ ಒಬ್ಬನಿಗೂ ಇರಲಿಲ್ಲ. ವಾಪಸು ಬರುವ ಮೂರು ಮೈಲಿಯೂ ನಾನು ಪದಕ ಹಾಕಿಕೊಂಡೇ ನಡೆದೆ.

ಆಫೀಸಿನ ಮೆಟ್ಟಿಲ ಮೇಲೆ ಮೇಸ್ತ್ರಿ ಕಾಯುತ್ತಿದ್ದರು. 'ಬಂತಾ ರೈಟ್ರೆ?' ಅಂದರು. ಆ ಎರಡು ಮಾತಿಗೆ ನನ್ನ ಪದಕ ಎಲ್ಲಿ ಬಿತ್ತೋ ಗೊತ್ತಿಲ್ಲ. ಪಟ ಕೊಟ್ಟೆ.

ಬಹಳ ಹೊತ್ತು ನೋಡಿದರು. 'ಈ ಗಿಡ ಮೂರನೇ ಸಾಲಿಂದು. ಇದು ನಾನೇ ನೆಟ್ಟಿದ್ದು' ಅಂದರು. ಬೆರಳು ಇಟ್ಟಿದ್ದು ತಮ್ಮ ಎದೆಯ ಮೇಲೇ. ಆಮೇಲೆ, 'ನಾನು ನಿಜವಾಗ್ಲೂ ಹಿಡಿಯೋದಿಲ್ಲ ಅಂತ ಕಾಣ್ತದೆ' ಅಂದರು.

ಅಲ್ಲಿಗೆ ನನಗೆ ತಡೆಯಲು ಆಗಲಿಲ್ಲ. ಎಲ್ಲ ಹೇಳಿದೆ. ಹನ್ನೊಂದು ಸಲವೂ ನೀವು ಕೂತಿದ್ದಾಗ ಪ್ಲೇಟು ಹಾಕಿರಲಿಲ್ಲ, ಬರೀ ಹದ ನೋಡಲು ಕೂರಿಸಿದ್ದೆ, ಬಿಸಿಲಿನ ಮಾತು ಸುಳ್ಳು, ನಿಮ್ಮ ಮುಖದಲ್ಲಿ ಯಾವ ದೋಷವೂ ಇಲ್ಲ. ರಜೆಯ ವಿಷಯ ಸಾಹುಕಾರರನ್ನು ಕೇಳಿರಲೇ ಇಲ್ಲ ಅನ್ನುವುದನ್ನೂ ಹೇಳಿದೆ. ಹೇಳುವಾಗ ಅವರ ಮುಖ ನೋಡಲಿಲ್ಲ.

'ಹಂಗಾದ್ರೆ ಅಷ್ಟು ಸಲ ನಾನು ಸುಮ್ಮನೆ ಕೂತಿದ್ನಾ?'

'ಹೌದು ಮೇಸ್ತ್ರಿ.'

ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು. 'ಎಂಟು ದಿನ ರಜೆ ಕೊಡಿ' ಅಂದರು. ಕೇಳಿದ ಹಾಗಿರಲಿಲ್ಲ, ಹೇಳಿದ ಹಾಗಿತ್ತು. 'ನಾಳೆಯೇ ಹೊರಡಿ, ಸಾಹುಕಾರರಿಗೆ ನಾನು ಹೇಳ್ಕೋತೀನಿ' ಅಂದೆ.

ಹೊರಡುವಾಗ ಪಟ ಅವರ ಕೈಯಲ್ಲೇ ಇತ್ತು. 'ಇದನ್ನ ತಗೊಂಡು ಹೋಗ್ತೀನಿ. ಪಟ ಬರ್ತದೆ ಅಂತ ಕಾಯ್ತಿರ್ತಾಳೆ.' ನನ್ನ ಹತ್ತಿರ ಇದ್ದದ್ದು ಅದೊಂದೇ ಪ್ರತಿ, ಇನ್ನೊಂದು ಹಾಕಲು ಕಾಗದ ಇಲ್ಲ, ಪ್ರದರ್ಶನಕ್ಕೆ ಕಳಿಸಲು ಹತ್ತೇ ದಿನ. ಕೊಡಲು ನನಗೆ ಮನಸ್ಸಿರಲಿಲ್ಲ, ಅಷ್ಟೆಲ್ಲ ಆದ ಮೇಲೂ ಇರಲಿಲ್ಲ. 'ಹೀಗೆ ಅರ್ಧಂಬರ್ಧ ಮೂಡಿರೋದು ನೋಡಿದರೆ ಅವಳು ಹೆದರ್ಕೊಳ್ಳೋದಿಲ್ವಾ?' ಅಂತ ಕೊನೆಯ ಒಂದು ಪ್ರಯತ್ನ ಮಾಡಿದೆ. 'ನಾನೇ ಮುಂದೆ ಇರ್ತೀನಲ್ಲ, ಯಾಕೆ ಹೆದರ್ತಾಳೆ?' ಅಂದು ಪಟವನ್ನು ಕೋಟಿನ ಒಳಗೆ ಇಟ್ಟುಕೊಂಡರು. ಹೀಗೆ ಮೈಸೂರಿನ ಪದಕ ಹೊರನಾಡಿನ ಕಡೆ ಹೋಯಿತು.

ಆ ಎಂಟು ದಿನ ನಾನು ಮೇಸ್ತ್ರಿಯ ಕೆಲಸ ಮಾಡಿದೆ. ಕಳೆ ಕೀಳಿ ಅಂದ ಕಡೆ ನೆರಳಿನ ಮರದ ಸಸಿ ಕಿತ್ತರು, ಯಾಕೆಂದರೆ ನಾನೇ ಅದನ್ನು ಕಳೆ ಅಂತ ತೋರಿಸಿದ್ದೆ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಮೊದಲ ಸಲ ನನಗೂ ನಗುವುದು ಸರಿ ಅನ್ನಿಸಿತು.

ಒಂಬತ್ತನೆಯ ದಿನ ಸಂಜೆ ಮೇಸ್ತ್ರಿ ಬಂದರು. ಮಗಳು ಕಟ್ಟಿಕೊಟ್ಟ ಅವಲಕ್ಕಿಯಲ್ಲಿ ನನಗೂ ಒಂದು ಪೊಟ್ಟಣ ತಂದಿದ್ದರು. ಇಬ್ಬರು ಮೊಮ್ಮಕ್ಕಳು, ಸಣ್ಣದು ಮೂರು ದಿನ ಹತ್ತಿರ ಬರಲಿಲ್ಲ, ನಾಲ್ಕನೇ ದಿನ ಮೀಸೆ ಎಳೆಯಿತು ಅಂತ ಹೇಳಿದರು. ಅಳಿಯ ಒಳ್ಳೆಯವನು, ಗದ್ದೆ ಚೆನ್ನಾಗಿದೆ ಅಂದರು. ಪಟದ ವಿಷಯ ಅವರು ಎತ್ತಲಿಲ್ಲ. ಕೊನೆಗೆ ನಾನೇ ಕೇಳಿದೆ.

'ಪಟ ನೋಡಿದ್ಲು' ಅಂದರು. 'ಎಷ್ಟು ಸರಿಯಾಗಿ ಬಂದಿದೆ ಅಂದ್ಲು.'

'ಸರಿಯಾಗಿ?'

'ಹೂಂ. ಮಕ್ಕಳನ್ನ ಕರೆದು ತೋರಿಸಿದ್ಲು. ನೋಡ್ರೋ, ನನ್ನಪ್ಪ ಮನೇಲಿ ಇದ್ದಿದ್ದೇ ಹಿಂಗೆ. ಕೂತ ಅನ್ನೋ ಅಷ್ಟರಲ್ಲಿ ಕಂಬಿ ಬಾರಿಸೋರು, ಎದ್ದು ಹೋಗಿರ್ತಿದ್ದ. ನಾನು ನೋಡಿದ ಅಪ್ಪ ಇಷ್ಟೇ ಅಂದ್ಲು. ನಗ್ತಾನೇ ಹೇಳಿದ್ಲು ರೈಟ್ರೆ.' ಅವಲಕ್ಕಿ ಪೊಟ್ಟಣವನ್ನು ನನ್ನ ಕಡೆ ಸರಿಸಿ, 'ನಂಗೆ ನಗೋಕಾಗ್ಲಿಲ್ಲ' ಅಂದರು.

ಪಟ ಅಲ್ಲೇ ಉಳಿಯಿತು, ದೇವರ ಗೂಡಿನ ಪಕ್ಕ ಗೋಡೆಗೆ ಒರಗಿಸಿ ಇಟ್ಟಿದ್ದಾಳಂತೆ. ನನ್ನ ಹತ್ತಿರ ಗಾಜಿನ ಪ್ಲೇಟು ಇದೆ. ಯುದ್ಧ ಮುಗಿದು ಕಾಗದ ಸಿಗತೊಡಗಿದ ಮೇಲೂ ಅದರಿಂದ ಇನ್ನೊಂದು ಪ್ರತಿ ತೆಗೆಯುವ ಧೈರ್ಯ ನನಗೆ ಬರಲಿಲ್ಲ. ಆ ಕಂಬಿ ಬಾರಿಸುತ್ತಿದ್ದ ಕೈಗಳಲ್ಲಿ ಕೊನೆಯದು ನನ್ನದು. ಮೇಸ್ತ್ರಿಯ ಹಾಜರಿಯನ್ನು ಒಂದು ದಿನವೂ ತಪ್ಪದೆ ಬರೆದಿದ್ದವನೂ ನಾನೇ.

ಅವರು ಮಗಳ ಊರಿಂದ ಬಂದ ಮರುದಿನ ಬೆಳಿಗ್ಗೆ ಆರಕ್ಕೆ ಮುಂಚೆ ಆಫೀಸಿನ ಅಂಗಳಕ್ಕೆ ಬಂದರೆ, ಎಂದಿನ ಹಾಗೆ ಮೇಸ್ತ್ರಿ ಎಲ್ಲರಿಗಿಂತ ಮೊದಲು ಬಂದು ನಿಂತಿದ್ದರು. ನಾನು ಒಳಗಿನಿಂದ ಸ್ಟೂಲು ತಂದು ಅವರ ಮುಂದೆ ಇಟ್ಟೆ. 'ಕೂತ್ಕೊಳ್ಳಿ ಮೇಸ್ತ್ರಿ, ಇನ್ನೂ ಹೊತ್ತಿದೆ' ಅಂದೆ. ಅನುಮಾನದಿಂದ ನನ್ನ ಮುಖ ನೋಡಿ, ಆಮೇಲೆ ಕೂತರು, ಎರಡೂ ಕೈ ಮಂಡಿಯ ಮೇಲಿಟ್ಟು. ಎಷ್ಟು ಹೊತ್ತು ಹಾಗೇ ಬಿಡಬಹುದು ಅಂತ ಗಡಿಯಾರ ನೋಡಿದೆ. ಆರಾಗಿತ್ತು. ಸುತ್ತಿಗೆ ತಗೊಂಡು ಕೈ ಎತ್ತಿದೆ, ಕಂಬಿಗೆ ಇನ್ನೂ ತಾಗಿಸಿರಲಿಲ್ಲ. ಅಷ್ಟರಲ್ಲಿ ಅವರು ಎದ್ದುಬಿಟ್ಟಿದ್ದರು.